ಕ್ಲಬ್ಬಿನ ಲೆಕ್ಕದ ಪುಸ್ತಕ

ಬೆಂಗಳೂರು ಕ್ಲಬ್ಬಿನಲ್ಲಿ ೧೮೯೯ನೆಯ ಇಸವಿಯ ಲೆಕ್ಕದ ಪುಸ್ತಕವೊಂದನ್ನು ಜತನದಿಂದ ಕಾಪಾಡಿಕೊಂಡು ಬಂದಿದ್ದಾರೆ. ವಸೂಲಾಗುವ ಆಸೆಯನ್ನು ಬಿಟ್ಟ ಬಾಕಿಗಳ ಪಟ್ಟಿಯೊಂದು ಅದರಲ್ಲಿದೆ. ಆ ಪಟ್ಟಿಯ ಹೆಸರುಗಳ ನಡುವೆ ಲೆಫ್ಟಿನೆಂಟ್ ಡಬ್ಲ್ಯು. ಎಲ್. ಎಸ್. ಚರ್ಚಿಲ್ ಎಂಬ ಹೆಸರು. ಅದರೆದುರಿಗೆ ೧೩ ರೂಪಾಯಿ. ೧೮೯೬ರಲ್ಲಿ ನಾಲ್ಕನೆಯ ಹುಸಾರ್ ದಳದೊಡನೆ ದಂಡಿಗೆ ಬಂದಿಳಿದ ಈ ತರುಣ ಅಧಿಕಾರಿ ಇಲ್ಲಿ ಪೋಲೊ ಆಡಿದ, ಗುಲಾಬಿ ಬೆಳೆಸಿದ, ಬಿಸಿಲಿಳಿಯುವವರೆಗೆ ಗಿಬ್ಬನ್ ಮೆಕಾಲೆಯರ ಇತಿಹಾಸಗ್ರಂಥಗಳನ್ನು ಓದಿದ. ಮುಂದೆ ಬ್ರಿಟನ್ನಿನ ಪ್ರಧಾನಿಯಾಗಿ, ೧೯೫೩ರಲ್ಲಿ ಸಾಹಿತ್ಯದ ನೊಬೆಲ್ ಬಹುಮಾನವನ್ನೂ ಪಡೆದ. ಆ ಹದಿಮೂರು ರೂಪಾಯಿ ಮಾತ್ರ ಜಮಾ ಆಗಲಿಲ್ಲ.

ಈ ಕಥೆಯನ್ನು ನಗೆಯ ಮಾತಾಗಿ ಹೇಳುವುದೇ ರೂಢಿ. ನನಗೆ ಅದರಲ್ಲಿ ಕಾಣುವ ಸ್ವಾರಸ್ಯ ಬೇರೆ. ಇಂಥ ಬಾಕಿ ಹುಟ್ಟುವುದಕ್ಕೆ ಒಂದು ವ್ಯವಸ್ಥೆಯಿರಬೇಕಷ್ಟೆ? ಆ ವ್ಯವಸ್ಥೆಯ ಹೆಸರು ಚೀಟಿ. ಕ್ಲಬ್ಬಿನ ಸದಸ್ಯ ಜೇಬಿನಲ್ಲಿ ಕಾಸಿಟ್ಟುಕೊಂಡು ಬರಬೇಕಾಗಿರಲಿಲ್ಲ. ಕಾಫಿಯಾಗಲಿ, ಮದ್ಯವಾಗಲಿ, ಬಿಲಿಯರ್ಡ್ಸ್ ಮೇಜಾಗಲಿ, ಬೇಕಾದುದನ್ನು ತರಿಸಿಕೊಂಡು ಒಂದು ತುಂಡು ಕಾಗದಕ್ಕೆ ರುಜು ಹಾಕಿದರೆ ಆಯಿತು. ತಿಂಗಳ ಕೊನೆಗೆ ಚೀಟಿಗಳನ್ನೆಲ್ಲ ಕೂಡಿ ಗುಮಾಸ್ತ ಲೆಕ್ಕ ಕಳುಹಿಸುತ್ತಿದ್ದ. ಹಿಂದಿಯ ‘ಚಿಟ್ಠಿ’, ನಮ್ಮ ‘ಚೀಟಿ’ ಇವುಗಳ ಬಳಗದ ಪದವನ್ನೇ ಇಂಗ್ಲಿಷರು ‘ಚಿಟ್’ ಎಂದು ಮೊಟಕು ಮಾಡಿ ತಮ್ಮ ನಿಘಂಟಿಗೆ ಸೇರಿಸಿಕೊಂಡರು. ೧೮೮೬ರಲ್ಲಿ ಹೊರಬಂದ ಯೂಲ್ ಮತ್ತು ಬರ್ನೆಲ್ಲರ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಅದಕ್ಕೆ ಸ್ಥಾನ ದೊರೆತಿದೆ. ಸಾಲ ಕೊಟ್ಟವರು ನಾವು, ಪದವನ್ನೂ ಕೊಟ್ಟವರು ನಾವೇ.

ಇಂದು ಕ್ಲಬ್ಬುಗಳಲ್ಲಿ ಚೀಟಿ ಮರೆಯಾಗುತ್ತಿದೆ. ಅದರ ಜಾಗಕ್ಕೆ ಚಿಪ್ ಅಡಗಿರುವ ಕಾರ್ಡು, ಮೊಬೈಲಿನ ಆ್ಯಪ್, ಬಾಗಿಲಿನಲ್ಲಿ ಮುಖ ನೋಡಿ ಗುರುತು ಹಿಡಿಯುವ ಯಂತ್ರ ಬಂದಿವೆ. ಕ್ಲಬ್ಬೆಂದರೆ ಹಳೆಯ ಕುರ್ಚಿ, ಹಳೆಯ ಪದ್ಧತಿ, ಅಲ್ಲಿಗೆ ಯಂತ್ರ ತಡವಾಗಿ ಕಾಲಿಡುತ್ತದೆ ಎಂಬ ಭಾವನೆ ನಮ್ಮಲ್ಲಿದೆ. ಇದು ನಿಜವಲ್ಲ. ಕ್ಲಬ್ಬುಗಳ ತವರೆನಿಸಿದ ಲಂಡನ್ನಿನ ಚರಿತ್ರೆಯನ್ನು ನೋಡಿದರೆ, ಹೊಸ ಯಂತ್ರಗಳು ಮೊದಲು ಹೊಸಿಲು ತುಳಿದ ಮನೆಗಳಲ್ಲಿ ಕ್ಲಬ್ಬುಗಳೂ ಸೇರಿವೆ.

ರಿಫಾರ್ಮ್ ಕ್ಲಬ್ಬು ಸ್ಥಾಪನೆಯಾದದ್ದು ೧೮೩೬ರಲ್ಲಿ. ಚಾರ್ಲ್ಸ್ ಬ್ಯಾರಿ ಕಟ್ಟಿದ ಅದರ ಭವ್ಯವಾದ ಮನೆ ೧೮೪೧ರಲ್ಲಿ ತೆರೆಯಿತು. ಓದುಗರಿಗೆ ಇದರ ಹೆಸರು ಹೊಸದಲ್ಲ; ಜೂಲ್ಸ್ ವರ್ನನ ಫಿಲಿಯಾಸ್ ಫಾಗ್ ಎಂಬತ್ತು ದಿನಗಳಲ್ಲಿ ಭೂಮಿಯನ್ನು ಸುತ್ತಿಬರುವೆನೆಂದು ಪಣ ತೊಟ್ಟದ್ದು ಇಲ್ಲಿಯೇ. ಆದರೆ ಈ ಮನೆಯ ನಿಜವಾದ ಅದ್ಭುತವಿದ್ದುದು ನೆಲಮಾಳಿಗೆಯಲ್ಲಿ. ಅಲೆಕ್ಸಿಸ್ ಸೋಯೆ ಎಂಬ ಫ್ರೆಂಚ್ ಬಾಣಸಿಗ ಅಲ್ಲಿ ಒಂದು ಅಡುಗೆಮನೆಯನ್ನು ರೂಪಿಸಿದ. ಕಲ್ಲಿದ್ದಲ ಹೊಗೆಯಲ್ಲಿ ಕಣ್ಣುರಿಸಿಕೊಂಡು ಬೇಯಿಸುತ್ತಿದ್ದ ಕಾಲದಲ್ಲಿ ಆತ ಅನಿಲದ ಒಲೆಗಳನ್ನಿರಿಸಿದ. ಬೇಕೆಂದಾಗ ಹೊತ್ತಿಸಬಹುದು, ಬೇಡವೆಂದಾಗ ಆರಿಸಬಹುದು, ಉರಿಯನ್ನು ಹೆಚ್ಚು ಕಡಿಮೆ ಮಾಡಬಹುದು. ಇದು ಸೋಯೆ ತನ್ನ ಒಲೆಯ ಪರವಾಗಿ ಹೂಡಿದ ವಾದ. ನಮ್ಮ ಮನೆಯ ಹೆಂಗಸರಿಗೆ ಈಗ ಇದರಲ್ಲಿ ಅಚ್ಚರಿಯೇನೂ ಇಲ್ಲ, ಅಂದಿನವರಿಗೆ ಅದು ಮಾಟವೇ ಆಗಿತ್ತು. ಹಬೆಯಿಂದ ಬಿಸಿಯಾಗುವ ಮೇಜು, ಮೀನನ್ನು ಕೆಡದಂತೆ ಇಡುವುದಕ್ಕೆ ಮಂಜುಗಡ್ಡೆಯ ಪೆಟ್ಟಿಗೆಗಳು, ಎಲ್ಲವೂ ಅಲ್ಲಿದ್ದವು. ಊರಿನ ದೊಡ್ಡವರು ಗುಂಪುಗುಂಪಾಗಿ ಬಂದು ಈ ಅಡುಗೆಮನೆಯನ್ನು ನೋಡಿಹೋಗುತ್ತಿದ್ದರು. ಸೋಯೆ ಶ್ರೀಮಂತರ ತಟ್ಟೆಗೆ ಮಾತ್ರ ದುಡಿದವನಲ್ಲ. ೧೮೪೭ರಲ್ಲಿ, ಐರ್ಲೆಂಡಿನ ಕ್ಷಾಮದ ನಡುವೆ, ಡಬ್ಲಿನ್ನಿಗೆ ಹೋಗಿ ಗಂಜಿಕೇಂದ್ರವನ್ನು ನಡೆಸಿದ. ಕ್ರೈಮಿಯಾ ಯುದ್ಧದಲ್ಲಿ ಸೈನಿಕರಿಗಾಗಿ ಆತ ರಚಿಸಿದ ಒಲೆ ಬ್ರಿಟಿಷ್ ಸೈನ್ಯದಲ್ಲಿ ನೂರು ವರ್ಷಕ್ಕೂ ಮಿಕ್ಕಿ ಬಾಳಿತು. ಕ್ಲಬ್ಬಿನ ಭೋಗದ ಒಲೆಯಿಂದ ಕ್ಷಾಮದ ಗಂಜಿಗೂ ಯುದ್ಧದ ಗುಡಾರಕ್ಕೂ ಹೋದ ಈ ದಾರಿ ನನಗೆ ಬಹಳ ಪ್ರಿಯವಾದುದು.

ಇನ್ನೊಂದು ಕಥೆ ಅಥೀನಿಯಮ್ ಕ್ಲಬ್ಬಿನದು. ಪುಸ್ತಕವನ್ನು ಪ್ರೀತಿಸುವವರು ಕೇಳಲೇಬೇಕಾದದ್ದು. ಸಾಹಿತಿಗಳು, ವಿಜ್ಞಾನಿಗಳು ಸೇರಿ ೧೮೨೪ರಲ್ಲಿ ಕಟ್ಟಿದ ಈ ಸಂಸ್ಥೆಗೆ ಮೊದಲ ಕಾರ್ಯದರ್ಶಿ ಮೈಕೇಲ್ ಫ್ಯಾರಡೆ. ಅಲ್ಲಿ ಅನಿಲದ ದೀಪಗಳನ್ನು ಉರಿಸುತ್ತಿದ್ದರು. ಬೆಳಕೇನೋ ಸೊಗಸಾಗಿತ್ತು. ಆದರೆ ಸಂಜೆ ಹೊತ್ತು ಸದಸ್ಯರಿಗೆ ತಲೆನೋವು. ಪುಸ್ತಕಭಂಡಾರದಲ್ಲಂತೂ ಚರ್ಮದ ರಟ್ಟುಗಳು ಪುಡಿಪುಡಿಯಾಗಿ ಉದುರತೊಡಗಿದವು. ಕಾರಣವನ್ನು ಹುಡುಕಿದವನು ಫ್ಯಾರಡೆ. ಅನಿಲದಲ್ಲಿದ್ದ ಗಂಧಕ ಉರಿದು ಆಮ್ಲವಾಗಿ ಚರ್ಮವನ್ನು ತಿನ್ನುತ್ತಿತ್ತು. ಉರಿದ ಗಾಳಿಯನ್ನು ಕೋಣೆಗೆ ಬಿಡದೆ ಕೊಳವೆಯ ಮೂಲಕ ಹೊರಕ್ಕೆ ಸಾಗಿಸುವ ದೀಪವೊಂದನ್ನು ಆತ ರಚಿಸಿದ. ಅದರ ಹಕ್ಕನ್ನು ತಾನಿಟ್ಟುಕೊಳ್ಳದೆ ದೀಪದ ಕಸುಬಿನಲ್ಲಿದ್ದ ಅಣ್ಣ ರಾಬರ್ಟನಿಗೆ ಬಿಟ್ಟುಕೊಟ್ಟ. ಓದುವುದಕ್ಕೆಂದು ತಂದ ಬೆಳಕೇ ಓದುವ ಪುಸ್ತಕವನ್ನು ತಿಂದದ್ದು ಗಮನಾರ್ಹ. ಕೇಡು ಕಣ್ಣಿಗೆ ಬೀಳುವಂಥದಾಗಿದ್ದುದು ಅಂದಿನವರ ಅದೃಷ್ಟವೆನ್ನಬೇಕು. ರಟ್ಟು ಉದುರಿದಾಗ ಎಲ್ಲರಿಗೂ ತಿಳಿಯಿತು.

ಆಮೇಲೆ ಬಂದ ವಿದ್ಯುದ್ದೀಪ, ದೂರವಾಣಿ, ತಂತಿಯ ಮೂಲಕ ಸುದ್ದಿಯನ್ನೂ ಷೇರಿನ ದರವನ್ನೂ ಕಾಗದದ ಪಟ್ಟಿಯ ಮೇಲೆ ಅಚ್ಚೊತ್ತುವ ಯಂತ್ರ, ಇವುಗಳನ್ನು ವಿಸ್ತರಿಸುವುದಿಲ್ಲ. ಇವೆಲ್ಲವೂ ಸದಸ್ಯನಿಗೆ ಏನನ್ನೋ ತಂದುಕೊಟ್ಟವು: ಬೆಳಕು, ಊಟ, ವಾರ್ತೆ. ಸದಸ್ಯನಿಂದ ಏನನ್ನೂ ಎತ್ತಿಕೊಳ್ಳಲಿಲ್ಲ. ಈಗಿನ ಯಂತ್ರದ ಗುಣ ಬೇರೆ. ಅದು ಕೊಡುತ್ತದೆ, ಜೊತೆಗೆ ಬರೆದುಕೊಳ್ಳುತ್ತದೆ.

ಬರೆದುಕೊಳ್ಳುವುದರ ಜಗಳವೂ ಹಳೆಯದೇ. ೧೮೫೮ರಲ್ಲಿ ಎಡ್ಮಂಡ್ ಯೇಟ್ಸ್ ಎಂಬ ತರುಣ ಪತ್ರಕರ್ತ ಒಂದು ಪತ್ರಿಕೆಯಲ್ಲಿ ಕಾದಂಬರಿಕಾರ ಥ್ಯಾಕರೆಯನ್ನು ಕುರಿತು ಕಟುವಾದ ವ್ಯಕ್ತಿಚಿತ್ರ ಬರೆದ. ಇಬ್ಬರೂ ಗ್ಯಾರಿಕ್ ಕ್ಲಬ್ಬಿನ ಸದಸ್ಯರು. ನಾವು ಭೇಟಿಯಾಗುವುದು ಕ್ಲಬ್ಬಿನಲ್ಲಿ, ಅಲ್ಲಿ ಆಡಿದ ಮಾತನ್ನು ಅಚ್ಚಿಗೆ ಕೊಡುವುದು ಸಲ್ಲದು ಎಂದು ಥ್ಯಾಕರೆ ಸಮಿತಿಗೆ ದೂರಿತ್ತ. ಯೇಟ್ಸನ ಬೆಂಬಲಕ್ಕೆ ಡಿಕೆನ್ಸ್ ನಿಂತ. ಯೇಟ್ಸನನ್ನು ಕ್ಲಬ್ಬಿನಿಂದ ಹೊರಹಾಕಿದರು. ಇಬ್ಬರು ಮಹಾಕಾದಂಬರಿಕಾರರ ನಡುವೆ ಮಾತು ನಿಂತುಹೋಯಿತು. ಅವರು ಮತ್ತೆ ಕೈ ಕುಲುಕಿದ್ದು ೧೮೬೩ರಲ್ಲಿ, ಅಥೀನಿಯಮಿನ ಮೆಟ್ಟಿಲುಗಳ ಬಳಿ. ಅದೇ ವರ್ಷದ ಕೊನೆಗೆ ಥ್ಯಾಕರೆ ತೀರಿಕೊಂಡ. ಇಲ್ಲಿ ಯಾರ ಪಕ್ಷ ಸರಿ ಎಂದು ನಮ್ಮ ತರಗತಿಗಳಲ್ಲಿ ವಾದ ಮಾಡಬಹುದು. ನನ್ನ ಒಲವು ಥ್ಯಾಕರೆಯ ಕಡೆಗೆ. ನಾಲ್ಕು ಗೋಡೆಯೊಳಗೆ ನಂಬಿ ಆಡಿದ ಮಾತು ಗೋಡೆಯೊಳಗೇ ಉಳಿಯಬೇಕೆಂಬುದು ಕ್ಲಬ್ಬಿನ ಜೀವ. ಆ ಜೀವವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಇಂದು ಅನೇಕ ಕ್ಲಬ್ಬುಗಳು ಮೊಬೈಲನ್ನು ಹೊರಗಿಡುತ್ತವೆ. ೧೯೯೫ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ೨೦೧೮ರಲ್ಲಿ ಮುಂಬಯಿಯ ಜುಹುವಿಗೂ ಬಂದ ಸೋಹೊ ಹೌಸ್ ಎಂಬ ಕ್ಲಬ್ಬು ತನ್ನ ಮನೆಗಳಲ್ಲಿ ಛಾಯಾಚಿತ್ರ ತೆಗೆಯುವುದನ್ನು ನಿಷೇಧಿಸಿದೆ. ಸದಸ್ಯರ ವ್ಯವಹಾರಕ್ಕಾದರೋ ಅದರದೇ ಆ್ಯಪ್ ಇದೆ. ಸದಸ್ಯನ ಕೈಯ ಕ್ಯಾಮೆರಾ ಬೇಡ, ಸಂಸ್ಥೆಯ ಕೈಯ ಲೆಕ್ಕ ಬೇಕು!

ನಮ್ಮ ನಾಡಿಗೆ ಬರೋಣ. ಬೆಂಗಳೂರಿನ ಬೌರಿಂಗ್ ಇನ್‌ಸ್ಟಿಟ್ಯೂಟಿನ ಆರಂಭ ೧೮೬೮ರಲ್ಲಿ. ಅದರ ಹುಟ್ಟಿನ ಹಿಂದೆ ಇದ್ದವರು ನಮ್ಮ ಶಾಸನಗಳ ಬಿ. ಎಲ್. ರೈಸ್. ಕಲ್ಲಿನ ಮೇಲೆ ಬರೆದ ದಾನದತ್ತಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಓದಿಸಿ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಅಚ್ಚು ಮಾಡಿಸಿದ ಅವರಿಗೆ, ಬರೆದಿಟ್ಟ ಲೆಕ್ಕ ಬರೆದವನಿಗಿಂತ ದೀರ್ಘಾಯು ಎಂಬುದು ಇನ್ನಾರಿಗಿಂತಲೂ ಚೆನ್ನಾಗಿ ತಿಳಿದಿರಬೇಕು. ಬಿಳಿಯರ ಕ್ಲಬ್ಬುಗಳ ಬಾಗಿಲು ಭಾರತೀಯರಿಗೆ ಮುಚ್ಚಿದ್ದ ದಿನಗಳಲ್ಲಿ, ೧೯೧೭ರಲ್ಲಿ, ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಕಬ್ಬನ್ ಪಾರ್ಕಿನಲ್ಲಿ ಸೆಂಚುರಿ ಕ್ಲಬ್ಬನ್ನು ಸ್ಥಾಪಿಸಿದರು. ಇದನ್ನು ನೆನೆಯದೆ ಚೀಟಿಯ ಕಾಲದ ನಂಬಿಕೆಯನ್ನು ಹೊಗಳುವುದು ಅಪ್ರಾಮಾಣಿಕತೆಯಾದೀತು. ಚರ್ಚಿಲ್ಲನಿಗೆ ಸಿಕ್ಕ ಆ ಉದಾರವಾದ ಸಾಲ ಚರ್ಮದ ಬಣ್ಣ ನೋಡಿ ಸಿಕ್ಕಿದ್ದು. ಒಬ್ಬ ದೇಶೀಯನನ್ನು ಕ್ಲಬ್ಬಿಗೆ ಸೇರಿಸಿಕೊಳ್ಳುವ ಪ್ರಶ್ನೆಯೊಂದರಿಂದ ಎಷ್ಟು ವಿಷ ಹೊರಬಿತ್ತೆಂಬುದನ್ನು ಆರ್ವೆಲ್ಲನ ‘ಬರ್ಮೀಸ್ ಡೇಸ್’ ಕಾದಂಬರಿಯಲ್ಲಿ (೧೯೩೪) ಓದಬಹುದು.

ನಾನು ಯಾವ ಕ್ಲಬ್ಬಿನ ಸದಸ್ಯನೂ ಅಲ್ಲ. ರಾಜ್ಯೋತ್ಸವದ ಉಪನ್ಯಾಸಕ್ಕೆಂದು, ಸ್ನೇಹಿತರ ಅತಿಥಿಯಾಗಿ, ಆಗಾಗ ಹೋಗಿಬಂದಿದ್ದೇನೆ. ಹೋದ ನವೆಂಬರಿನಲ್ಲಿ ಅಂಥದೊಂದು ಕ್ಲಬ್ಬಿಗೆ ಹೋದಾಗ ಬಾಗಿಲಲ್ಲಿ ನನ್ನ ಮೊಬೈಲ್ ಸಂಖ್ಯೆಯನ್ನು ಕೇಳಿದರು. ಅದಕ್ಕೆ ಬಂದ ಒಟಿಪಿಯನ್ನು ಒಪ್ಪಿಸಿದ ಮೇಲೆ ಒಂದು ಪುಟ್ಟ ಕ್ಯಾಮೆರಾದ ಮುಂದೆ ನಿಲ್ಲಿಸಿ ಪಟ ತೆಗೆದುಕೊಂಡರು. ಒಳಗೆ ನನ್ನ ಸ್ನೇಹಿತರು ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿದೊಡನೆ ಎರಡು ಕಾಫಿ, ಒಂದು ತಟ್ಟೆ ಬೋಂಡ, ಗಂಟೆ ನಿಮಿಷ ಸಹಿತವಾಗಿ ದಾಖಲಾದವು. ಕಾರ್ಡಿಗೆ ಮುಂಗಡವಾಗಿ ಹಣ ತುಂಬಿಸಿರಬೇಕು. ಮೊತ್ತ ಮುಗಿದರೆ ಕಾಫಿಯೂ ಇಲ್ಲ. ಅಂದಮೇಲೆ ಬಾಕಿಯೆಂಬುದೇ ಹುಟ್ಟುವಂತಿಲ್ಲ, ಬಾಕಿದಾರರ ಪಟ್ಟಿಯೂ ಇಲ್ಲ. ತಿಂಗಳ ತನಕ ನಂಬುತ್ತಿದ್ದ ಕಡೆ ಈಗ ಒಂದು ಕಾಫಿಯ ಮಟ್ಟಿಗೂ ನಂಬುವ ಅಗತ್ಯ ಉಳಿದಿಲ್ಲ. ಸ್ನೇಹಿತರೊಡನೆ ನಾನು ಇದನ್ನೇ ವ್ಯಥೆಯಿಂದ ಹೇಳುತ್ತಿದ್ದೆ.

ಮೇಜನ್ನು ಒರೆಸುತ್ತಿದ್ದ ಹಿರಿಯ ಬೇರರೊಬ್ಬರು ಕೇಳಿಸಿಕೊಂಡರೆಂದು ಕಾಣುತ್ತದೆ. ಮೂವತ್ತು ವರ್ಷಕ್ಕೂ ಮೀರಿ ಅಲ್ಲಿ ದುಡಿದವರು. ನೂರಾರು ಸದಸ್ಯರ ಸಂಖ್ಯೆ ಅವರ ಬಾಯಲ್ಲಿದೆ, ಯಾರಿಗೆ ಕಾಫಿಗೆ ಸಕ್ಕರೆ ಬೇಡ ಎಂಬುದೂ ಗೊತ್ತು. “ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಚೀಟಿ ಕಾಲದಲ್ಲಿ ಸಾಹೇಬರು ರಾತ್ರಿ ಹನ್ನೊಂದಕ್ಕೆ ರುಜು ಹಾಕೋರು, ತಿಂಗಳ ಕೊನೇಲಿ ಇದು ನನ್ನ ರುಜು ಅಲ್ಲ ಅನ್ನೋರು. ಆಮೇಲೆ ನಮ್ಮ ಸಂಬಳದಲ್ಲಿ ಹಿಡಿಯೋರು. ಈಗ ಯಾರೂ ನನ್ನ ಕಳ್ಳ ಅನ್ನೋ ಹಾಗಿಲ್ಲ,” ಎಂದರು.

ನಾನು ಮಾತಾಡಲಿಲ್ಲ. ಚೀಟಿಯ ನಂಬಿಕೆ ಮೇಜಿನ ಈಚೆ ಕುಳಿತವರಿಗೆ ಮಾತ್ರ ಇತ್ತು. ಆಚೆ ನಿಂತವರಿಗೆ ಅದರಲ್ಲಿ ಪಾಲಿರಲಿಲ್ಲ. ಯಂತ್ರ ಅವರಿಗೆ ಸಾಕ್ಷಿಯಾಗಿ ಬಂದಿದೆ. ಸ್ವಲ್ಪ ಹೊತ್ತಿನ ಬಳಿಕ ನಾನು ಅವರನ್ನು ಕೇಳಿದೆ: “ಬಾಗಿಲಲ್ಲಿ ನಿಮ್ಮ ಮುಖವನ್ನೂ ಯಂತ್ರ ನೋಡುತ್ತದೆಯೆ?” ಅವರು ನಕ್ಕರು. “ಮೊದಲು ನೋಡಿದ್ದೇ ನಮ್ಮ ಮುಖ ಸಾರ್. ಹಾಜರಿಗೆ. ಮೆಂಬರುಗಳದ್ದು ಆಮೇಲೆ ಬಂತು. ಐದು ನಿಮಿಷ ತಡವಾದರೂ ಕಾಣಿಸುತ್ತೆ,” ಎಂದು ಹೇಳಿ ಮುಂದಿನ ಮೇಜಿಗೆ ಹೋದರು.

ಸದಸ್ಯನೊಬ್ಬ ಎಷ್ಟು ಹೊತ್ತಿಗೆ ಬಂದ, ಯಾರೊಡನೆ ಕುಳಿತ, ವಾರಕ್ಕೆ ಎಷ್ಟು ಸಲ ಎಷ್ಟು ಕುಡಿದ. ಇವನ್ನೆಲ್ಲ ಹಿಂದೆ ಬೇರರ್ ಬಲ್ಲವನಾಗಿದ್ದ, ಆದರೆ ಅವನು ಮರೆಯುತ್ತಿದ್ದ, ಅಥವಾ ಮರೆತಂತಿರುವ ಸೌಜನ್ಯ ತೋರುತ್ತಿದ್ದ. ಚೀಟಿಗಳನ್ನೂ ಗೆದ್ದಲು ತಿನ್ನುತ್ತಿತ್ತು. ಈಗಿನ ಲೆಕ್ಕಕ್ಕೆ ಗೆದ್ದಲಿಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ೨೦೨೩ರಲ್ಲಿ ನಮ್ಮ ಸಂಸತ್ತು ಒಂದು ಕಾಯಿದೆಯನ್ನು ಮಾಡಿದೆ. ಯಾವ ಕೆಲಸಕ್ಕೆಂದು ಮಾಹಿತಿ ಪಡೆದರೋ ಆ ಕೆಲಸ ಮುಗಿದ ಮೇಲೆ ಅಳಿಸಬೇಕೆಂಬ ತತ್ತ್ವ ಅದರಲ್ಲಿದೆ. ಅಲ್ಲಿಂದ ಹೊರಡುವ ಮೊದಲು ನಾನು ಕಾರ್ಯದರ್ಶಿಗಳ ಕೊಠಡಿಗೆ ಹೋಗಿ, ಆ ದಿನ ಬಾಗಿಲಲ್ಲಿ ತೆಗೆದ ನನ್ನ ಪಟ ಎಷ್ಟು ದಿನ ಅಲ್ಲಿರುತ್ತದೆಂದು ವಿಚಾರಿಸಿದೆ. ಸಜ್ಜನರು, ಕುಳ್ಳಿರಿಸಿ ಮಾತನಾಡಿಸಿದರು. ಲೆಕ್ಕವೆಲ್ಲ ತಮ್ಮ ಬಳಿ ಇರುವುದಿಲ್ಲ, ತಂತ್ರಾಂಶದ ಕಂಪನಿಯವರ ಬಳಿ ಇರುತ್ತದೆ, ಇದುವರೆಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ ಎಂದರು. ಮುಂದಿನ ಸಮಿತಿಯ ಸಭೆಯಲ್ಲಿ ವಿಷಯವನ್ನು ಇಡುವುದಾಗಿ ಹೇಳಿ, ನನ್ನ ಹೆಸರನ್ನೂ ಪ್ರಶ್ನೆಯನ್ನೂ ಮೇಜಿನ ಮೇಲಿದ್ದ ಒಂದು ಚೀಟಿಯಲ್ಲಿ ಬರೆದುಕೊಂಡರು.