ತೆನೆಯ ಹಬ್ಬಕ್ಕೆ ಗದ್ದೆ ಬೇಕಲ್ಲವೇ?

ಸೆಪ್ಟೆಂಬರ್ 8ರಂದು ಧರ್ಮಸಭೆಯು ಮಾತೆ ಮರಿಯಮ್ಮನವರ ಜನ್ಮದಿನವನ್ನು ಸಂಭ್ರಮದಿಂದ ಆಚರಿಸುತ್ತದೆ. ಮಂಗಳೂರು ಕರಾವಳಿಯ ಕೊಂಕಣಿ ಕಥೋಲಿಕರಿಗೆ ಇದು ಮೊಂತಿ ಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಹೂಗಳನ್ನು ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೂ ಹಂಚುತ್ತಾರೆ. ತೆನೆಯ ಕಾಳುಗಳನ್ನು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸೇವಿಸುತ್ತಾರೆ. 1763ರಲ್ಲಿ ನೇತ್ರಾವತಿ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಲ್ಲಿ ಗೋವೆಯ ಗುರು ಜೋಕಿಂ ಮಿರಾಂದಾ ಅವರು ಈ ಆಚರಣೆಗೆ ನಾಂದಿ ಹಾಡಿದರೆಂದು ಹೇಳುತ್ತಾರೆ. ಇದರ ಬೇರು ಇನ್ನೂ ಹಳೆಯದು. ಹೊಸ ಬೆಳೆಯನ್ನು ತಾವು ಉಣ್ಣುವ ಮೊದಲು ಪ್ರಥಮ ಸಿವುಡನ್ನು ಯಾಜಕನ ಬಳಿಗೆ ತರಬೇಕೆಂಬ ವಿಧಿಯನ್ನು ಯಾಜಕಕಾಂಡದ 23ನೇ ಅಧ್ಯಾಯದಲ್ಲಿ ಕಾಣುತ್ತೇವೆ.

ಜೋಳದ ಸೀತನಿ ತಿಂದು ಬೆಳೆದ ಚಿಮ್ಮಡ, ಜಮಖಂಡಿ ಕಡೆಯ ನಮಗೆ ತೆನೆಯ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತದೆ. 2011ರ ಜನಗಣತಿಯಲ್ಲಿ ಮಂಗಳೂರು ನಗರದ ಜನಸಂಖ್ಯೆ ಸುಮಾರು 5 ಲಕ್ಷ. ಇಂಥ ಇಕ್ಕಟ್ಟಿನ ನಗರದಲ್ಲಿ ಹಬ್ಬದ ತೆನೆ ಎಲ್ಲಿ ಬೆಳೆಯಬೇಕು? ನಗರದೊಳಗಿನ ಅನೇಕ ಧರ್ಮಕೇಂದ್ರಗಳು ಇಂದು ಹೊರಗಿನ ಹಳ್ಳಿಗಳ ಗದ್ದೆಗಳನ್ನೇ ನೆಚ್ಚಿಕೊಂಡಿವೆ.

ಹಿಂದೆ ಹೀಗಿರಲಿಲ್ಲ. ತುಳುನಾಡಿನ ರೈತರು ಗದ್ದೆಗಳನ್ನು ಮೂರು ಬಗೆಯಾಗಿ ಗುರುತಿಸಿದ್ದರು. ತಗ್ಗಿನಲ್ಲಿ ನೀರು ನಿಲ್ಲುವ ಬೈಲಿನಲ್ಲಿ ವರ್ಷಕ್ಕೆ ಮೂರು ಬೆಳೆ. ಸ್ವಲ್ಪ ಎತ್ತರದ ಮಜಲಿನಲ್ಲಿ ಎರಡು. ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದು. ಅದರ ಮೇಲೆ ಮುರಕಲ್ಲಿನ ಗುಡ್ಡ. ನಗರದ ಸ್ಥಳನಾಮಗಳು ಇದಕ್ಕೆ ಇಂದಿಗೂ ಸಾಕ್ಷಿ ಹೇಳುತ್ತವೆ: ಬಾವುಟಗುಡ್ಡ, ಮಣ್ಣಗುಡ್ಡ, ಕೊಡಿಯಾಲ್‌ಬೈಲ್. ಮಂಗಳೂರು ಬಿಷಪರ ನಿವಾಸವಿರುವ ಊರಿನ ಹೆಸರಿನಲ್ಲೇ ಬೈಲು ಅಡಗಿದೆ.

ಈ ವ್ಯವಸ್ಥೆ ಅನ್ನಕ್ಕಾಗಿ ಮಾತ್ರ ಇದ್ದದ್ದಲ್ಲ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಮಂಗಳೂರಿನಲ್ಲಿ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಸಣ್ಣ ರಂಧ್ರಗಳುಳ್ಳ ಮುರಕಲ್ಲು ಒಂದಿಷ್ಟು ನೀರನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಬಾವಿಗಳಿಗೆ ಇಳಿಸುತ್ತದೆ. ಉಳಿದದ್ದು ಬೈಲಿಗೆ ಬಂದು ಬದುಗಳ ನಡುವೆ ತಂಗುತ್ತದೆ; ಬಳಿಕ ತೋಡುಗಳ ಮೂಲಕ ನದಿ ಸೇರುತ್ತದೆ. ಅಲ್ಲೇ ಕಪ್ಪೆ, ಮೀನು, ಏಡಿ, ಬೆಳ್ಳಕ್ಕಿಗಳ ಬಾಳು. ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವಲ್ಲಿ ಕಾಂಡ್ಲಾ ಗಿಡಗಳು ದಡದ ಮಣ್ಣನ್ನು ಹಿಡಿದಿಡುತ್ತವೆ, ಮೀನು ಸಿಗಡಿಗಳ ಮರಿಗಳಿಗೆ ತೊಟ್ಟಿಲಾಗುತ್ತವೆ.

ಗುಡ್ಡವನ್ನು ಅಗೆದು ಬೈಲನ್ನು ತುಂಬಿಸಿದರೆ ಏನಾಗುತ್ತದೆ? ನೀರು ತನ್ನ ಹಳೆಯ ಮನೆಯನ್ನು ಮರೆಯುವುದಿಲ್ಲ. 2018ರ ಮೇ 29ರಂದು ಕೆಲವೇ ಗಂಟೆಗಳ ಭಾರಿ ಮಳೆಗೆ ಮಂಗಳೂರಿನ ರಸ್ತೆಗಳು ಹೊಳೆಗಳಾದವು, ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಮರುವರ್ಷ 2019ರ ಬೇಸಿಗೆಯಲ್ಲಿ ಅದೇ ನಗರಕ್ಕೆ ತುಂಬೆ ಅಣೆಕಟ್ಟಿನ ನೀರು ಸಾಲದೆ, ಸರದಿಯ ಮೇಲೆ ಕುಡಿಯುವ ನೀರು ಬಿಡಬೇಕಾಯಿತು. ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬರ! ಇವೆರಡೂ ಬೇರೆಬೇರೆ ಕಷ್ಟಗಳಲ್ಲ. ನೀರು ತಂಗುವ ಜಾಗವನ್ನು ಕಳೆದುಕೊಂಡ ಊರಿಗೆ ಇವು ಜೊತೆಯಾಗಿಯೇ ಬರುತ್ತವೆ.

ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ 'ಲೌದಾತೊ ಸೀ' ವಿಶ್ವಪತ್ರ ನಮಗೆ ತೋರಿಸಿಕೊಟ್ಟದ್ದು ಇದನ್ನೇ: ಭೂಮಿಗೆ ಆದ ಗಾಯ ಬಡವರನ್ನೇ ಹೆಚ್ಚಾಗಿ ನೋಯಿಸುತ್ತದೆ. ತೋಟವನ್ನು ಉಳುವುದಕ್ಕೆ ಮಾತ್ರವಲ್ಲ, ಕಾಯುವುದಕ್ಕೂ ದೇವರು ಮಾನವನನ್ನು ನೇಮಿಸಿದರೆಂದು ಆದಿಕಾಂಡ (2:15) ತಿಳಿಸುತ್ತದೆ. ಸೆಪ್ಟೆಂಬರ್ 1ರಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಆಚರಿಸುವ ಸೃಷ್ಟಿಯ ಕಾಲದಲ್ಲೇ ಮಾತೆಯ ಈ ಹಬ್ಬವೂ ಬರುತ್ತದೆ.

ಕಡಲೂರಿನ ಕಥೆ ನಮಗೇಕೆ ಎನ್ನಬೇಡಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಯರು ಉಕ್ಕಿ ಜಮಖಂಡಿ, ಮುಧೋಳ ಕಡೆಯ ಊರುಗಳನ್ನು ಮುಳುಗಿಸಿದ್ದನ್ನು ನಾವು ಮರೆತಿಲ್ಲ. ಅತಿಯಾಗಿ ನೀರು ಹಾಯಿಸಿ ಸವಳು-ಜವಳಾದ ಹೊಲಗಳೂ ನಮ್ಮ ಕಣ್ಣೆದುರಿಗಿವೆ.

ಹಾಗಾದರೆ ನಾವೇನು ಮಾಡಬಹುದು? ದೇವಾಲಯದ ಅಂಗಳಕ್ಕೆಲ್ಲ ಕಾಂಕ್ರೀಟು ಹಾಕದೆ ಮಣ್ಣಿಗೂ ಒಂದಿಷ್ಟು ಜಾಗ ಬಿಡೋಣ. ಮಾಳಿಗೆಯ ಮಳೆನೀರನ್ನು ಸೋಸಿ ಬಾವಿಗೆ ಇಳಿಸೋಣ. ಹಳ್ಳಕ್ಕೂ ತೋಡಿಗೂ ಕಸ ಎಸೆಯದಿರೋಣ. 2021ರಲ್ಲಿ ಉಡುಪಿಯಲ್ಲಿ ಹಡಿಲು ಬಿದ್ದ ಗದ್ದೆಗಳನ್ನು ಮತ್ತೆ ಉಳುವ ಆಂದೋಲನ ನಡೆಯಿತು. ನಮ್ಮ ಯುವಜನರೂ ವರ್ಷಕ್ಕೊಮ್ಮೆ ಕೆಸರಿಗಿಳಿದು ಒಂದು ಗದ್ದೆಯನ್ನಾದರೂ ನೆಡಲಿ. ಹಬ್ಬದ ದಿನ ತೆನೆ ಕೈಗೆ ಬಂದಾಗ, ಇದು ಯಾವ ಗದ್ದೆಯದು, ಬೆಳೆದವರು ಯಾರು ಎಂದು ಮಕ್ಕಳು ಕೇಳಲಿ. ಉತ್ತರ ಹೇಳಲು ಒಂದು ಗದ್ದೆ ಉಳಿದಿರುವಂತೆ ನೋಡಿಕೊಳ್ಳುವುದು ಹಿರಿಯರಾದ ನಮ್ಮ ಹೊಣೆ.