ಮಕ್ಕಳೂ ಕೈ ಎತ್ತುವ ಸಭೆ

ತಾಯಂದಿರೇ, ನಮ್ಮ ಸಂಘದಲ್ಲಿ ಒಂದು ಹಸು ಕಟ್ಟಿದವರಿಗೂ ಹತ್ತು ಕಟ್ಟಿದವರಿಗೂ ಒಂದೇ ಮತ. ಇಂಗ್ಲೆಂಡಿನ ಲೇಸ್ಟನ್ ಊರಿನ ಸಮ್ಮರ್‌ಹಿಲ್ ಶಾಲೆಯಲ್ಲೂ ಹಾಗೆಯೇ. 1921ರಲ್ಲಿ ಎ.ಎಸ್. ನೀಲ್ ಆರಂಭಿಸಿದ ಈ ಶಾಲೆಯ ಸಭೆಯಲ್ಲಿ ಪುಟ್ಟ ಮಗುವಿಗೂ ಮುಖ್ಯಸ್ಥರಿಗೂ ಒಂದೊಂದೇ ಮತ. ಮಲಗುವ ಹೊತ್ತು, ತಪ್ಪಿಗೆ ದಂಡ ಅಲ್ಲೇ ತೀರ್ಮಾನ. ಶುಲ್ಕ, ಶಿಕ್ಷಕರ ನೇಮಕ ಮಾತ್ರ ಮಕ್ಕಳ ಕೈಯಲ್ಲಿಲ್ಲ. ಪಾಠಕ್ಕೆ ಬರಲೇಬೇಕೆಂಬ ಕಡ್ಡಾಯವೂ ಇಲ್ಲ (ಇದನ್ನು ನಿಮ್ಮ ಮಕ್ಕಳಿಗೆ ಓದಿ ಹೇಳಬೇಡಿ!).

ಇದೇ ಕಾರಣಕ್ಕೆ 1999ರ ತಪಾಸಣೆಯ ನಂತರ ಸರ್ಕಾರ ನೋಟಿಸ್ ಕೊಟ್ಟಿತು. ಶಾಲೆ ಮುಚ್ಚುವ ಭಯ. ಮೇಲ್ಮನವಿ ಲಂಡನ್ನಿಗೆ ಹೋಯಿತು. 2000ದ ಮಾರ್ಚ್‌ನಲ್ಲಿ ಸರ್ಕಾರ ರಾಜಿಗೆ ಬಂದಾಗ ದೊಡ್ಡವರೇ ಒಪ್ಪಿ ಮುಗಿಸಲಿಲ್ಲ. ಮಕ್ಕಳು ನ್ಯಾಯಾಲಯದ ಕೋಣೆಯಲ್ಲೇ ಸಭೆ ಕೂಡಿ, ಚರ್ಚಿಸಿ, ಮತ ಹಾಕಿ ಒಪ್ಪಿಗೆ ಕೊಟ್ಟರು. ಶಾಲೆ ಉಳಿಯಿತು.

ಕಳೆದ ಸಲ ನಡಾವಳಿ ಪುಸ್ತಕಕ್ಕೆ ಸಹಿ ಹಾಕುವ ಮುನ್ನ ನೀವು ಅದನ್ನು ಓದಿಸಿ ಕೇಳಿದ್ದಿರಾ?