ಬೋನಿಗೂ ಅಂಕ ಕೊಡಬೇಕು

ಚಿರತೆ ಬೋನಿಗೆ ಬಿತ್ತು ಎಂಬಲ್ಲಿಗೆ ನಮ್ಮಲ್ಲಿ ಸುದ್ದಿ ಮುಗಿಯುತ್ತದೆ. ಬನ್ನೇರುಘಟ್ಟದ ಕಾಡಿಗೆ ದೂರವಲ್ಲದ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ಚಿರತೆ ಅಪರಿಚಿತವಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಒಂದು ಚಿರತೆ ಅಲ್ಲಿನ ಟೋಲ್ ಬಳಿಯೇ ಕಾಣಿಸಿಕೊಂಡಿತ್ತು. ಅದಕ್ಕೂ ಮೊದಲು, 2023ರ ನವೆಂಬರ್ 1ರಂದು, ಕೂಡ್ಲು ಗೇಟ್ ಬಳಿ ಸೆರೆ ಕಾರ್ಯಾಚರಣೆಯಲ್ಲಿ ಗುಂಡೇಟು ತಿಂದ ಚಿರತೆಯೊಂದು ಸತ್ತಿತು. ಗುಂಡಿಗಿಂತ ಬೋನು ಮೇಲು, ನಿಜ. ಆದರೆ ಬೋನು ಎಷ್ಟು ಒಳ್ಳೆಯದೆಂದು ಹೇಳಬೇಕಾದದ್ದು ಅದರೊಳಗಿಂದ ಬಂದ ಪ್ರಾಣಿಯ ಮೈ.

ಬಾಗಿಲು ಬೀಳುವಾಗ ಆಗುವ ಗಾಯಕ್ಕಿಂತ ಬಿದ್ದ ಮೇಲೆ ಆಗುವುದೇ ಹೆಚ್ಚು. ಚಿರತೆ ಸರಳುಗಳನ್ನು ಕಚ್ಚುತ್ತದೆ, ಹಣೆಯಿಂದ ಗುದ್ದುತ್ತದೆ, ಉಗುರು ಕಿತ್ತುಹೋಗುವಂತೆ ಪರಚುತ್ತದೆ. ಅತಿಯಾದ ಸೆಣಸಾಟದಲ್ಲಿ ಸ್ನಾಯುಗಳು ಒಡೆದು, ಅವುಗಳ ಪ್ರೋಟೀನು ರಕ್ತಕ್ಕಿಳಿದು ಮೂತ್ರಪಿಂಡವನ್ನು ಕೆಡಿಸಬಹುದು. ಹೊರಗೆ ಗಾಯ ಕಾಣದ ಪ್ರಾಣಿ ಕೆಲವು ದಿನಗಳ ನಂತರ ಸಾಯುವುದೂ ಉಂಟು. ಇಂಥ ಗಾಯಗಳನ್ನು ಅಳೆಯುವ ದಾರಿ ಬೇರೆಡೆ ಇದೆ. ತುಪ್ಪಳಕ್ಕಾಗಿ ಪ್ರಾಣಿ ಹಿಡಿಯುವ ದೇಶಗಳ ವಾದವಿವಾದದ ನಡುವೆ, 1999ರಲ್ಲಿ, ಹಿಡಿದಿಡುವ ಬಲೆ-ಬೋನುಗಳನ್ನು ಪರೀಕ್ಷಿಸಲು ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ (ಐಎಸ್‌ಒ) ಮಾನದಂಡ ಬಂತು. ಅದರ ಗಾಯದ ಪಟ್ಟಿಯಲ್ಲಿ ಉಗುರು ಹೋದರೆ 2 ಅಂಕ, ಬಾವು ಬಂದರೆ 5, ಒಳತಿರುಳು ಕಾಣುವಂತೆ ಹಲ್ಲು ಮುರಿದರೆ 30, ಸತ್ತರೆ 100. ಅಂಕ ಏರಿದಷ್ಟೂ ಬೋನು ಕೆಟ್ಟದ್ದು.

ಮನುಷ್ಯರ ಜೀವಕ್ಕೇ ಅಪಾಯವಿರುವಾಗ ಚಿರತೆಯ ಹಲ್ಲಿನ ಲೆಕ್ಕವೇಕೆ ಎಂದು ಕೇಳಬಹುದು. ಹೆದರಿಕೊಂಡು ಮಕ್ಕಳನ್ನು ಒಳಗೆ ಕೂರಿಸಿಕೊಂಡವರ ಪ್ರಶ್ನೆ ಅದು, ತಳ್ಳಿಹಾಕುವಂಥದ್ದಲ್ಲ. ಆದರೆ ಕೋರೆಹಲ್ಲೇ ಚಿರತೆಯ ಬದುಕು. ಅದು ಮುರಿದ ಪ್ರಾಣಿಗೆ ಜಿಂಕೆಯ ಕುತ್ತಿಗೆ ಹಿಡಿಯುವುದು ಕಷ್ಟ. ಕಾಡಿಗೆ ಬಿಟ್ಟರೆ ಅದು ಸುಲಭದ ಬೇಟೆ ಹುಡುಕೀತು, ಬಿಡದಿದ್ದರೆ ಜೀವಮಾನವಿಡೀ ಸಾಕಬೇಕು. ಹಲ್ಲನ್ನು ಕಾಯುವುದು ಜನರನ್ನು ಕಾಯುವ ಕೆಲಸವೂ ಹೌದು. ಐಎಸ್‌ಒ ಪಟ್ಟಿ ತುಪ್ಪಳದ ಪ್ರಾಣಿಗಳಿಗೆಂದು ಹುಟ್ಟಿದ್ದು, ಚಿರತೆಗೆ ಹೊಂದದು ಎಂಬ ಆಕ್ಷೇಪ ಹೆಚ್ಚು ತೂಕದ್ದು. ಅಂಕಗಳನ್ನು ನಮ್ಮ ಪಶುವೈದ್ಯರು ತಿದ್ದಲಿ. ಅಳೆಯುವ ಅಭ್ಯಾಸವನ್ನಂತೂ ಎರವಲು ತರಬಹುದು. ಹಲ್ಲಿಗೆ ಸಿಗದಷ್ಟು ಕಿರಿದಾದ ಸಂದು, ಒಳಗೆ ನುಣುಪಾದ ಗೋಡೆ, ಬಿದ್ದ ಕೂಡಲೇ ಹೊದಿಸುವ ಗೋಣಿ ತಾಟು, ಜನರ ಗುಂಪನ್ನು ದೂರವಿಡುವುದು: ಇವುಗಳಲ್ಲಿ ಯಾವುದು ಎಷ್ಟು ಗಾಯ ತಪ್ಪಿಸಿತೆಂದು ಬರೆದಿಟ್ಟರೆ ಮಾತ್ರ ಮುಂದಿನ ಬೋನು ಸುಧಾರಿಸೀತು. ಅರಣ್ಯ ಇಲಾಖೆ ಸೆರೆ ಹಿಡಿದ ಪ್ರತಿ ಚಿರತೆಯ ಜೊತೆ ಒಂದು ಗಾಯದ ಪಟ್ಟಿಯನ್ನೂ ಪ್ರಕಟಿಸಲಿ.